ತೋಡಿನ ಆಚೆ ಮನೆ, ಈಚೆ ಕಾರು

ಈಶ್ವರಮಂಗಲದಲ್ಲಿರುವ ಗೆಳೆಯನ ಮನೆಗೆ ಹೋದ ನಮಗೆಲ್ಲ ಆದದ್ದು ಒಂದೇ ಅನುಭವ. ಪುತ್ತೂರು–ಸುಳ್ಯ ಹೆದ್ದಾರಿಯಲ್ಲಿ ಕಾವಿನ ತನಕ ಕಾರಿನ ಜಿಪಿಎಸ್ ಬಹಳ ಜಾಣ. ಅಲ್ಲಿಂದ ಒಳಗೆ ತಿರುಗಿ ಪೇಟೆ ಮುಟ್ಟುವವರೆಗೂ ತೊಂದರೆ ಇಲ್ಲ. ಹನುಮಗಿರಿಗೆ ಹೋಗುವವರನ್ನೂ ಸರಿಯಾಗಿ ಮುಟ್ಟಿಸುತ್ತದೆ. ಆದರೆ ಪೇಟೆ ದಾಟಿ ಮನೆ ಹುಡುಕಲು ಹೊರಟರೆ ಎಲ್ಲೋ ಒಂದು ಕಡೆ "ನೀವು ತಲುಪಿದ್ದೀರಿ" ಅಂತ ಹೇಳಿ ಸುಮ್ಮನಾಗುತ್ತದೆ. ಎದುರಿಗೆ ತೋಡು, ತೋಡಿನ ಆಚೆ ಅಡಿಕೆ ತೋಟ, ಅದರ ಮೇಲೆ ಮನೆಯ ಮಾಡು ಕಾಣುತ್ತದೆ. ದಾಟಲಿಕ್ಕೆ ಅಡಿಕೆ ಮರದ ಸಂಕ ಮಾತ್ರ. ಕಾರು ಹೋಗುವ ದಾರಿ ಬೇರೆಯೇ ಉಂಟು, ಹಿಂದೆ ಹೋಗಿ ಗುಡ್ಡೆ ಸುತ್ತಬೇಕು.

ನಾವಾದರೆ ನಗಾಡಿಕೊಂಡು ಸಂಕ ದಾಟಿದೆವು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅದೇ ಜಾಗದಲ್ಲಿ ಆಂಬ್ಯುಲೆನ್ಸ್ ಬಂದು ನಿಂತಿತ್ತು. ಆಚೆ ಮನೆಯಲ್ಲಿ ಗೆಳೆಯನ ಅಜ್ಜನಿಗೆ ಎದೆನೋವು. ಕೊನೆಗೆ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿ, ಟಾರ್ಚ್ ಬೆಳಕಿನಲ್ಲಿ ನಾಲ್ಕು ಜನ ಎತ್ತಿಕೊಂಡು ಆ ಸಂಕದ ಮೇಲೆಯೇ ದಾಟಿಸಿದರು. ಅಜ್ಜ ಈಗ ಆರಾಮಾಗಿದ್ದಾರೆ. ಇದರಲ್ಲಿ ಚಾಲಕರ ತಪ್ಪೇನೂ ಇಲ್ಲ. ಮ್ಯಾಪಿನಲ್ಲಿದ್ದ ಹತ್ತಿರದ ರಸ್ತೆಗೆ ಯಂತ್ರ ಕರೆತಂದಿತ್ತು, ಅಷ್ಟೆ.

ಹಾಗಾಗಿ ರಜೆಯಲ್ಲಿ ನಾಲ್ಕು ಜನ ಕೂತು ಆ ಸುತ್ತಿನ ಮನೆಗಳನ್ನೂ ತಿರುವುಗಳನ್ನೂ ಪಟ್ಟಿ ಮಾಡಿ, ಗೆಳೆಯನ ಮಾವನ ಕಾರಿನಲ್ಲಿದ್ದ ಹಳೆಯ ಗಾರ್ಮಿನ್ ಯೂನಿಟ್‌ಗೆ ಹಾಕಿದೆವು. ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಬೈಲಿಗೆ ಇಳಿದರೆ ನೆಟ್‌ವರ್ಕ್ ಇಲ್ಲ. ಈ ಯೂನಿಟ್‌ಗೆ ಉಪಗ್ರಹ ಸಾಕು, ಟವರ್ ಬೇಡ.

ಉಪಗ್ರಹ ಹೇಳುವುದು ನಾವು ಎಲ್ಲಿದ್ದೇವೆ ಅಂತ ಮಾತ್ರ. ಅಲ್ಲಿ ಏನಿದೆ ಅನ್ನುವುದನ್ನು ಮ್ಯಾಪ್ ಹೇಳಬೇಕು. ನಮ್ಮ ಕಡೆ ಮನೆಗೆ ಡೋರ್ ನಂಬರಿಗಿಂತ ಜಾಗದ ಹೆಸರೇ ವಿಳಾಸ. ಅಡ್ಕ, ಮಜಲು, ಬೈಲು, ಪದವು, ಕೋಡಿ, ಮೂಲೆ ಅಂತ ಮುಗಿಯುವ ಹೆಸರುಗಳು. ತುಳುನಾಡಿನಲ್ಲಿ ಬೈಲು ಅಂದರೆ ಕೆಳಗಿನ ಗದ್ದೆ, ಮಜಲು ನಡುವಿನದು, ಬೆಟ್ಟು ಮೇಲಿನದು. ಅಂದರೆ ಹೆಸರೇ ಎತ್ತರವನ್ನೂ ಹೇಳುತ್ತದೆ! ಕಂಪನಿಯ ಮ್ಯಾಪಿನಲ್ಲಿ ಇವು ಇರಲಿಲ್ಲ. ಇನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ ತಲೆನೋವು. ಈಶ್ವರಮಂಗಲವನ್ನೇ ಒಬ್ಬರು 'ಐ'ಯಿಂದ ಶುರು ಮಾಡಿದರೆ ಇನ್ನೊಬ್ಬರು 'ಇ'ಯಿಂದ. ಮಾವನ ಯೂನಿಟ್ ಕನ್ನಡ ಅಕ್ಷರಕ್ಕೆ ಬರೀ ಚೌಕ ತೋರಿಸಿತು. ಕೊನೆಗೆ ಒಂದೇ ರೀತಿಯ ಸ್ಪೆಲ್ಲಿಂಗ್ ಗೊತ್ತು ಮಾಡಿ ಎಲ್ಲದಕ್ಕೂ ಅದನ್ನೇ ಬಳಸಿದೆವು.

ಕೆಲಸ ಸುಲಭ. ಎಕ್ಸೆಲ್‌ನಲ್ಲಿ ಒಂದು ಸಾಲಿಗೆ ಒಂದು ಜಾಗ: ರೇಖಾಂಶ, ಅಕ್ಷಾಂಶ, ಹೆಸರು, ಟಿಪ್ಪಣಿ. ಅದನ್ನು ಸಿಎಸ್‌ವಿ ಆಗಿ ಉಳಿಸಬೇಕು. ಗಾರ್ಮಿನ್‌ನವರ ಪಿಒಐ ಲೋಡರ್ ಎಂಬ ಉಚಿತ ತಂತ್ರಾಂಶ ಇದೆ. ಯೂನಿಟ್ಟನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೈಲ್ ಇರುವ ಫೋಲ್ಡರ್ ತೋರಿಸಿದರೆ ಅದೇ ಎಲ್ಲವನ್ನೂ ಒಳಗೆ ಹಾಕುತ್ತದೆ. ಆಮೇಲೆ 'ಕಸ್ಟಮ್ ಪಿಒಐ' ಅಥವಾ 'ಎಕ್ಸ್‌ಟ್ರಾಸ್' ಅನ್ನುವ ಮೆನುವಿನಲ್ಲಿ ಹುಡುಕಿ, ಮಾದರಿಗೆ ತಕ್ಕಂತೆ ಹೆಸರು ಬದಲಾಗುತ್ತದೆ.

ನಾವು ಎಡವಿದ್ದು ಮೊದಲ ಎರಡು ಕಾಲಂನಲ್ಲಿ. ಗೂಗಲ್ ಮ್ಯಾಪ್ಸ್‌ನಿಂದ ಕಾಪಿ ಮಾಡಿದರೆ ಅಕ್ಷಾಂಶ ಮೊದಲು ಬರುತ್ತದೆ. ಈ ಸಿಎಸ್‌ವಿಗೆ ರೇಖಾಂಶ ಮೊದಲು ಬೇಕು. ಈಶ್ವರಮಂಗಲ ಇರುವುದು ಸುಮಾರು 12.6 ಡಿಗ್ರಿ ಉತ್ತರ, 75.2 ಡಿಗ್ರಿ ಪೂರ್ವ. ಅದಲುಬದಲಾದರೆ 75.2 ಉತ್ತರ, 12.6 ಪೂರ್ವ. ಅಕ್ಷಾಂಶ 90ರ ಒಳಗೇ ಇರುವುದರಿಂದ ಇದೂ ಭೂಮಿಯ ಮೇಲಿನ ಸರಿಯಾದ ಜಾಗವೇ, ಹಾಗಾಗಿ ಯಾವ ಎರರ್ ಕೂಡ ಬರಲಿಲ್ಲ. ನಮ್ಮ ಅಷ್ಟೂ ಮನೆಗಳು ನಾರ್ವೆಗೂ ಸ್ವಾಲ್ಬಾರ್ಡ್ ದ್ವೀಪಗಳಿಗೂ ನಡುವಿನ ಸಮುದ್ರದಲ್ಲಿ ಹೋಗಿ ಕೂತವು. ಅಡಿಕೆ ಬೆಳೆಯುವ ಜಾಗವಂತೂ ಅಲ್ಲ.

ಇನ್ನೊಂದು ತಪ್ಪು ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. 12 ಡಿಗ್ರಿ 37 ನಿಮಿಷ 30 ಸೆಕೆಂಡ್ ಅಂದರೆ ದಶಮಾಂಶದಲ್ಲಿ 12.625. ಒಬ್ಬ ಅದನ್ನು 12.3730 ಅಂತ ಹೊಡೆದಿದ್ದ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಲೆಕ್ಕ ಹಾಕಿ ನೋಡಿ, ಜಾಗ 28 ಕಿಲೋಮೀಟರ್ ದಕ್ಷಿಣಕ್ಕೆ ಜಾರಿತು. ಗಾಳಿಮುಖದ ಗಡಿ ದಾಟಿ ಹೊಸದುರ್ಗದ ಕಡೆಯ ಗುಡ್ಡಗಳಿಗೆ! ಅದೇ ಲೆಕ್ಕದಲ್ಲಿ ದಶಮಾಂಶದ ನಾಲ್ಕನೇ ಅಂಕಿ 11 ಮೀಟರ್, ಐದನೆಯದು ಒಂದು ಮೀಟರ್ ಚಿಲ್ಲರೆ. ಐದು ಅಂಕಿ ಸಾಕು. ತೋಟದೊಳಗೆ ಮರಗಳು ಸಿಗ್ನಲ್ ತಡೆಯುವುದರಿಂದ ಅಂಗಳಕ್ಕೆ ಬಂದು, ಅಂಕಿ ನಿಲ್ಲುವವರೆಗೆ ಒಂದೆರಡು ನಿಮಿಷ ಕಾದು ಓದಬೇಕು.

ಇಷ್ಟಾದ ಮೇಲೂ ಗಾರ್ಮಿನ್ ನಮ್ಮನ್ನು ತೋಡಿನ ಈಚೆಗೇ ತಂದು ನಿಲ್ಲಿಸಿತು ಮಾರಾಯ್ರೆ. ಯೋಚಿಸಿದರೆ ಅದು ಸರಿಯೇ. ಮನೆಗೆ ಹೋಗುವ ಕಚ್ಚಾ ದಾರಿ ಮ್ಯಾಪಿನಲ್ಲಿಲ್ಲ. ಗಮ್ಯಕ್ಕೆ ಹತ್ತಿರವಿರುವ ರಸ್ತೆ ಯಾವುದೋ ಅಲ್ಲಿಯವರೆಗೆ ಯಂತ್ರ ದಾರಿ ಹಾಕುತ್ತದೆ, ನಡುವೆ ನೀರು ಇದೆಯಾ ಅಂತ ನೋಡುವುದಿಲ್ಲ. ಆದ್ದರಿಂದ ನಮ್ಮ ಮುಖ್ಯ ಸಲಹೆ ಇದು: ಗುರುತನ್ನು ಮನೆಯ ಮೇಲೆ ಹಾಕಬೇಡಿ, ಡಾಮರು ರಸ್ತೆಯಿಂದ ಕಾರು ತಿರುಗಬೇಕಾದ ಜಾಗದಲ್ಲಿ ಹಾಕಿ. ಮಿಕ್ಕಿದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ: "ಎಡಕ್ಕೆ ಇಳಿಜಾರು, ಎರಡನೇ ಗೇಟು, ಮಳೆಗಾಲದಲ್ಲಿ ಜೀಪು ಮಾತ್ರ." ನಾವು ಪ್ರತಿ ಮನೆಗೆ ತಿರುವು, ಅಂಗಳ ಅಂತ ಎರಡೆರಡು ಗುರುತು ಇಟ್ಟೆವು. ಟಿಪ್ಪಣಿಯಲ್ಲಿ ಅಲ್ಪವಿರಾಮ ಬಂದರೆ ಇಡೀ ಟಿಪ್ಪಣಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು, ಇಲ್ಲವಾದರೆ ಕಾಲಂ ಒಡೆಯುತ್ತದೆ.

ಲೋಡರ್‌ನ ಮ್ಯಾನ್ಯುವಲ್ ಮೋಡ್‌ನಲ್ಲಿ ಎಚ್ಚರಿಕೆಯ ದೂರವನ್ನೂ ಕೊಡಬಹುದು. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. 200 ಮೀಟರ್ ಮೊದಲೇ ಸದ್ದು ಮಾಡಿದರೆ ತಿರುವಿಗೆ 18 ಸೆಕೆಂಡ್ ಸಿಗುತ್ತದೆ. ರಾತ್ರಿ, ಮಳೆಯಲ್ಲಿ, ಅಷ್ಟು ಬೇಕೇ ಬೇಕು.

ಎರಡನೇ ಸಲ ಹೊಸ ಪಟ್ಟಿ ಮಾತ್ರ ಹಾಕಿದಾಗ ಹಳೆಯದೆಲ್ಲ ಅಳಿಸಿ ಹೋಯಿತು. ಲೋಡರ್ ಪ್ರತಿ ಸಲ ಹಿಂದಿನ ಫೈಲಿನ ಮೇಲೆಯೇ ಬರೆಯುತ್ತದೆ. ಎಲ್ಲ ಸಿಎಸ್‌ವಿಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಪ್ರತಿ ಸಲ ಅಷ್ಟನ್ನೂ ಹಾಕಿ.

ಮಾವನ ಕಾರಿಗೆ ಹಾಕಿದ್ದು ಮಾವನ ಕಾರಿಗಷ್ಟೇ ಆಯಿತು, ಹೊರಗಿನ ಆಂಬ್ಯುಲೆನ್ಸಿಗೆ ಅದು ಸಿಗುವುದಿಲ್ಲ. ಅದಕ್ಕೇ ತಿರುವಿನ ಅಕ್ಷಾಂಶ–ರೇಖಾಂಶವನ್ನು ದಪ್ಪ ಅಕ್ಷರದಲ್ಲಿ ಬರೆದು ಗೆಳೆಯನ ಮನೆಯ ಫೋನಿನ ಪಕ್ಕ ಅಂಟಿಸಿದ್ದೇವೆ, ಯಾರೇ ಆದರೂ ಓದಿ ಹೇಳಬಹುದು. ಪಟ್ಟಿಯನ್ನು ಜಿಪಿಎಕ್ಸ್ ಮಾಡಿ ನಮ್ಮ ಫೋನಿನ ಓಸ್ಮ್‌ಆಂಡ್‌ಗೂ ಹಾಕಿಕೊಂಡಿದ್ದೇವೆ, ಅದೂ ನೆಟ್ ಇಲ್ಲದೆ ನಡೆಯುತ್ತದೆ. ಆದರೆ ಯಾರ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಅನ್ನುವಂಥ ಟಿಪ್ಪಣಿ ಇರುವ ಪಟ್ಟಿಯನ್ನು ಎಲ್ಲರಿಗೂ ಹಂಚಲಿಲ್ಲ.

ಗುಡ್ಡೆ ಸುತ್ತಿ ಬರುವ ಆ ಕಚ್ಚಾ ದಾರಿಯನ್ನು ಈಗ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಳೆಯುತ್ತಿದ್ದೇವೆ. ಎರಡು ಮನೆಯವರು "ನಮ್ಮ ತೋಟದ ದಾರಿ ಬೇಡ" ಅಂದರು. ಅಷ್ಟು ಬಿಟ್ಟು ಮಿಕ್ಕಿದ್ದನ್ನು ನಡೆದು ನೋಡಿಯೇ ಹಾಕುತ್ತಿದ್ದೇವೆ.