ಮೂಗು ಮುಚ್ಚಿ ಒಂದು ಗುಟುಕು, ಬಿಟ್ಟು ಇನ್ನೊಂದು

"ಐದ್ರಾಗ ಎಷ್ಟು ಕೊಡ್ತಿ?" ಅಂತ ಎದುರಿಗೆ ಕೂತಿದ್ದ ಹುಬ್ಬಳ್ಳಿ ಗೆಳೆಯ ಕೇಳಿದಾಗ ನನಗೆ ಸಣ್ಣಗೆ ಭಯವಾಯಿತು. ಭಯ ಬಿಯರ್ ಮೇಲಲ್ಲ, ನನ್ನ ಮೂಗಿನ ಮೇಲೆ.

ಕೋವಿಡ್ ಆದ ಮೇಲೆ ಎಂಟು ತಿಂಗಳು ನನಗೆ ವಾಸನೆಯೇ ಗೊತ್ತಾಗ್ತಿರಲಿಲ್ಲ. ಆಮೇಲೆ ವಾಪಸ್ ಬಂದಿದ್ದೂ ಸೊಟ್ಟಪಟ್ಟ. ಫಿಲ್ಟರ್ ಕಾಫಿ ಅಂದರೆ ಸುಟ್ಟ ಟೈರು, ಒಗ್ಗರಣೆ ಈರುಳ್ಳಿ ಅಂದರೆ ಕೊಳೆತ ಏನೋ ಒಂದು. ಡಾಕ್ಟರ್ ಹೇಳಿದಂತೆ ದಿನಕ್ಕೆರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಿ ಮೂಸಿ ಒಂದೊಂದೇ ವಾಸನೆ ವಾಪಸ್ ಕರೆದುಕೊಂಡೆ. ಈಗಲೂ ಎಷ್ಟು ಬಂದಿದೆ, ಎಷ್ಟು ಬಂದಿಲ್ಲ ಅನ್ನೋ ಲೆಕ್ಕ ನನ್ನ ಹತ್ತಿರ ಇಲ್ಲ. ಅಂಥವಳು ಆಫೀಸ್ ಕೆಲಸಕ್ಕೆ ಬ್ರಸೆಲ್ಸ್‌ಗೆ ಬಂದು, ರಾಸ್ಪ್‌ಬೆರಿ ಹಾಕಿದ ಹುಳಿ ಬಿಯರ್‌ಗೆ ಮಾರ್ಕ್ಸ್ ಕೊಡೋಕೆ ಕೂತಿದ್ದೆ.

ಜಾಗ: ಆ್ಯಂಡರ್ಲೆಕ್ಟ್‌ನ ಕಾಂತಿಯೋನ್ ಬ್ರೂವರಿ. ಮಿಡಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. 1900ರಲ್ಲಿ ಶುರುವಾದದ್ದು. ಹೊರಗಿನಿಂದ ನೋಡಿದರೆ ಹಳೇ ಗೋದಾಮಿನ ಹಾಗಿದೆ, ಒಳಗೆ ಹೋದರೆ ಬಿಯರ್ ಮಾಡುವ ಜಾಗವೇ ಮ್ಯೂಸಿಯಂ. ಇಲ್ಲಿ ಮಾಡೋದು ಲ್ಯಾಂಬಿಕ್. ಹೆಚ್ಚಿನ ಬ್ರೂವರಿಗಳು ಯೀಸ್ಟನ್ನು ಅಳೆದು ಹಾಕುತ್ತವೆ, ಇಲ್ಲಿ ಯಾರೂ ಯೀಸ್ಟ್ ಹಾಕೋದೇ ಇಲ್ಲ. ಮೊಳಕೆ ಬರಿಸಿದ ಬಾರ್ಲಿ ಮತ್ತು ಗೋಧಿಯಿಂದ ತೆಗೆದ ಸಿಹಿ ರಸವನ್ನು ಕುದಿಸಿ, ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಗೆ ಹಾಯಿಸಿ ರಾತ್ರಿಯಿಡೀ ಬಿಡುತ್ತಾರೆ. ಗಾಳಿಯಲ್ಲಿ, ಮರದಲ್ಲಿ ಇರೋ ಸೂಕ್ಷ್ಮಜೀವಿಗಳೇ ಬಂದು ಸೇರಿಕೊಳ್ಳುತ್ತವೆ. ಇಡ್ಲಿ ಹಿಟ್ಟಿಗೆ ನಾವ್ಯಾರು ಯೀಸ್ಟ್ ಹಾಕ್ತೀವಿ ಹೇಳಿ? ಅದೇ ನಂಬಿಕೆ. ಸೆಕೆಗಾಲದಲ್ಲಿ ಬೇಡದ ಜೀವಿಗಳು ಜಾಸ್ತಿ ಅಂತ ಚಳಿಯ ತಿಂಗಳುಗಳಲ್ಲಿ ಮಾತ್ರ ಕುದಿಸೋದು. ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕಾಯೋದು. ಹುಳಿ ಬಹುಪಾಲು ಲ್ಯಾಕ್ಟಿಕ್ ಆಮ್ಲದ್ದು, ನಮ್ಮ ಮೊಸರಿನದೇ.

ಪೀಪಾಯಿಗಳ ನಡುವೆ ಜೇಡರ ಬಲೆಗಳನ್ನು ಬೇಕಂತಲೇ ಗುಡಿಸದೆ ಬಿಟ್ಟಿದ್ದಾರೆ. ಹಣ್ಣಿಗೆ ಮುತ್ತುವ ನೊಣಗಳನ್ನು ಜೇಡಗಳು ನೋಡಿಕೊಳ್ಳುತ್ತವಂತೆ. ಅಮ್ಮ ನೋಡಿದ್ದರೆ ಪೊರಕೆ ಕೇಳಿರೋಳು.

ನಮ್ಮ ಮುಂದೆ ಬಂದದ್ದು ‘ರೋಸೆ ದ ಗಾಂಬ್ರಿನುಸ್’. ಒಂದು ಲೀಟರ್ ಲ್ಯಾಂಬಿಕ್‌ಗೆ ಸುಮಾರು 200 ಗ್ರಾಂ ರಾಸ್ಪ್‌ಬೆರಿ ಹಾಕುತ್ತಾರೆ. ಬಣ್ಣ ತಿಳಿ ದಾಳಿಂಬೆ ರಸದ್ದು, ಮೇಲೆ ನಸುಗೆಂಪು ನೊರೆ. ಫೋಟೋ ತೆಗೆಯೋಕೆ ಹೇಳಿ ಮಾಡಿಸಿದಂತಿತ್ತು, ತೆಗೆದೆ ಕೂಡ. ಗೆಳೆಯ ದೊಡ್ಡ ಗುಟುಕು ಎಳೆದು ಕಣ್ಣು ಮುಚ್ಚಿಕೊಂಡ. "ಏನ್ ಹುಳಿ ಐತ್ಲೇ! ಮಾವಿನಕಾಯಿ ಕಡದಂಗಾತು."

ಅವನ ತಪ್ಪಲ್ಲ. ರಾಸ್ಪ್‌ಬೆರಿ ಅಂದ ಕೂಡಲೇ ಎಲ್ಲರೂ ಸಿಹಿ ಕಾಯುತ್ತಾರೆ. ಆದರೆ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಬಹುತೇಕ ತಿಂದು ಮುಗಿಸಿರುತ್ತೆ. ಉಳಿಯೋದು ಹುಳಿ, ಬಣ್ಣ, ಪರಿಮಳ.

ನಾನು ಸಿಪ್ ಮಾಡಿದೆ. ಹುಳಿ. ಬರೀ ಹುಳಿ. ಹಣ್ಣೆಲ್ಲಿ? ಇದು ಬಿಯರ್ ದೋಷವೋ, ನನ್ನ ದೋಷವೋ? ಹುಳಿ ಹಿಡಿಯೋದು ನಾಲಿಗೆ, ರಾಸ್ಪ್‌ಬೆರಿಯನ್ನು ರಾಸ್ಪ್‌ಬೆರಿ ಅಂತ ಗುರುತಿಸೋದು ಮೂಗು. ಮೂಗು ಕೈಕೊಟ್ಟರೆ ಜಗತ್ತಿನ ಎಲ್ಲಾ ಹುಳಿ ಹಣ್ಣೂ ಒಂದೇ.

ಆಸ್ಪತ್ರೆಯಲ್ಲಿ ಕಲಿತ ಒಂದು ಉಪಾಯ ನೆನಪಾಯ್ತು. ಮೂಗು ಹಿಡಿದುಕೊಂಡು ಒಂದು ಗುಟುಕು, ಬಾಯಲ್ಲೇ ಇಟ್ಟುಕೊಂಡು ಮೂಗು ಬಿಡೋದು. ಪಕ್ಕದ ಟೇಬಲ್‌ನವರು ನೋಡ್ತಿದ್ದರು, ನೋಡಲಿ. ಮುಚ್ಚಿದಾಗ ಹುಣಸೆ ನೀರು. ಬಿಟ್ಟ ತಕ್ಷಣ ಗಂಟಲ ಹಿಂದಿನಿಂದ ಏನೋ ಮೇಲೆ ಬಂತು. ಹಣ್ಣಲ್ಲ. ಒಣಹುಲ್ಲು, ಒದ್ದೆ ಚೀಲ, ದನ. ಕೊಟ್ಟಿಗೆ! ಸಾಗರದ ಅಜ್ಜಿಮನೆಯ ಕೊಟ್ಟಿಗೆ.

ಇದು ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಯೀಸ್ಟಿನ ಗುರುತು. ಬಲ್ಲವರು ಇದನ್ನು ಕುದುರೆ ಕಂಬಳಿ ವಾಸನೆ ಅಂತಾರೆ. ಕೆಲವರಿಗೆ ಹೇಸಿಗೆ, ಲ್ಯಾಂಬಿಕ್ ಮೆಚ್ಚುವವರಿಗೆ ಇದೇ ಬೇಕು. ನನಗೋ, ಮೂರು ವರ್ಷದಿಂದ ಈ ವಾಸನೆ ಬಂದೇ ಇರಲಿಲ್ಲ. ಕಳೆದ ದೀಪಾವಳಿಗೆ ಅಜ್ಜಿಮನೆಯಲ್ಲಿ ಗೋಪೂಜೆಗೆ ನಿಂತಾಗಲೂ ಬಂದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ ಅಷ್ಟೇ. ಮತ್ತೆರಡು ಸಲ ಮೂಗು ಹಿಡಿದು ಬಿಟ್ಟೆ. ಮೂರನೇ ಸಲಕ್ಕೆ ರಾಸ್ಪ್‌ಬೆರಿಯೂ ಬಂತು. ಜಾಮ್‌ನ ಥರ ಅಲ್ಲ, ಬೀಜ ಕಚ್ಚಿದಾಗ ಬರೋ ಒಗರು ಸೇರಿದ ಪರಿಮಳ, ಬಂದಷ್ಟೇ ಬೇಗ ಹೋಯ್ತು.

ಮರುದಿನ ಹೋಲಿಕೆಗೆ ಅಂತ ಲಿಂಡೆಮಾನ್ಸ್‌ನವರ ಫ್ರಾಂಬ್ವಾಝ್ ತಂದೆವು. ಇದೂ ಲ್ಯಾಂಬಿಕ್ಕೇ, ಆದರೆ ಹಣ್ಣಿನ ರಸದ ಸಿಹಿ ಜೋರು, ಆಲ್ಕೋಹಾಲ್ 2.5% ಮಾತ್ರ. ಗಾಂಬ್ರಿನುಸ್‌ನಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು. ಗೆಳೆಯನಿಗೆ ಖುಷಿಯೋ ಖುಷಿ, 4 ಕೊಟ್ಟ. ಊಟದ ಕೊನೆಗೆ ಚಾಕೊಲೇಟ್ ಕೇಕ್ ಜೊತೆಗಾದರೆ ನಾನೂ ಒಪ್ತೀನಿ. ಬರೀ ಗ್ಲಾಸಿನಲ್ಲಿ, ನನ್ನ ಲೆಕ್ಕಕ್ಕೆ 2.5.

ಗಾಂಬ್ರಿನುಸ್‌ಗೆ 4.25. ಮುಕ್ಕಾಲು ಅಂಕ ಕಡಿಮೆ ಕೊಟ್ಟಿದ್ದು ಯಾಕೆಂದರೆ ಎರಡನೇ ಗ್ಲಾಸಿಗೆ ಹಲ್ಲು ಜುಮ್ ಅನ್ನುತ್ತೆ, ಖಾಲಿ ಹೊಟ್ಟೆಗಂತೂ ಬೇಡವೇ ಬೇಡ. ಬಾಟಲಿ ಸಿಕ್ಕಿದರೆ ವರ್ಷಗಟ್ಟಲೆ ಜೋಪಾನ ಮಾಡಬೇಡಿ, ಹಣ್ಣಿನ ಪರಿಮಳ ದಿನ ಕಳೆದಂತೆ ಇಳಿಯುತ್ತೆ. ತೀರಾ ಐಸ್ ಆಗಿಯೂ ಕುಡಿಯಬೇಡಿ, ತಣ್ಣಗಿದ್ದಷ್ಟೂ ಮೂಗಿಗೆ ಸಿಗೋದು ಕಮ್ಮಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೊಟ್ಟಿಗೆ ವಾಸನೆ ಬಂತು ಅಂದೆ. ಎಲ್ಲಿಂದ ಅಂತ ಮಾತ್ರ ಹೇಳಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕಾಫಿ ವಾಸನೆ ಸರಿಯಾಯ್ತಾ?" ಅಂದಳು. ಇನ್ನೂ ಇಲ್ಲ ಅಮ್ಮ ಅಂದೆ.