‘ಹೌದು’ ಎಂದು ತಪ್ಪಿಸಿಕೊಳ್ಳಲಾಗದ ಪ್ರಶ್ನೆ

‘ವಿದ್ಯಾರ್ಥಿಗಳಲ್ಲಿ ಮುಕ್ತ ಮನೋಭಾವ ಬೆಳೆಸುತ್ತೀರಾ?’ ಯಾವ ಮೇಷ್ಟ್ರನ್ನು ಕೇಳಿದರೂ ಉತ್ತರ ಒಂದೇ: ಹೌದು. ಇಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಬಿ.ಇಡಿ., ಎಂ.ಇಡಿ. ಓದುವ ನಮ್ಮಂಥವರು ಕಿರು ಸಂಶೋಧನೆಗೆಂದು ಇಂಥ ಪ್ರಶ್ನಾವಳಿ ಹಿಡಿದು ಶಾಲೆಗಳಿಗೆ ಹೋಗುತ್ತೇವೆ. ಎಲ್ಲರೂ ‘ಹೌದು’ ಎಂದರೆ ವರದಿಯೇನೋ ಚೆನ್ನಾಗಿ ಕಾಣುತ್ತದೆ. ಆದರೆ ‘ಸುಮ್ನೆ ಬರ್ಕೋ’ ಎಂಬ ಮಾತಿಗೆ ಎತ್ತಿದ ಕೈ ಇಳಿಸಿದ ಹುಡುಗಿ ಆ ವರದಿಯಲ್ಲಿ ಎಲ್ಲೂ ಇರುವುದಿಲ್ಲ.

ಮುಕ್ತ ಮನಸ್ಸು ಎಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಕಾರಣಗಳನ್ನೂ ಕೇಳಿ, ಅವು ಸರಿ ಎನಿಸಿದರೆ ಬದಲಾಗುವುದು. ಸಂವಿಧಾನದ 51ಎ ವಿಧಿ ಜಿಜ್ಞಾಸೆಯ ಮನೋಭಾವ ಬೆಳೆಸಿಕೊಳ್ಳುವುದನ್ನು ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ.

ಹಾಗಾಗಿ ಗುಣವನ್ನು ಕೇಳಬೇಡಿ, ನಡೆದದ್ದನ್ನು ಕೇಳಿ. ‘ಕಳೆದ ವಾರ ತರಗತಿಯಲ್ಲಿ ನಿಮ್ಮ ಮಾತನ್ನು ಯಾರಾದರೂ ಒಪ್ಪದೇ ಇದ್ದರೇ? ಆಗ ಏನು ಮಾಡಿದಿರಿ?’ ‘ನೋಟ್ಸಿನಲ್ಲಿ ಇಲ್ಲದ, ಆದರೆ ಸರಿಯಾದ ಉತ್ತರಕ್ಕೆ ಎಷ್ಟು ಅಂಕ ಕೊಟ್ಟಿರಿ?’ ಇವಕ್ಕೆ ಉತ್ತರಿಸಲು ನೆನಪು ಮಾಡಿಕೊಳ್ಳಲೇಬೇಕು.

‘ಚರ್ಚೆಗೂ ಗುಂಪು ಕೆಲಸಕ್ಕೂ ಅವಕಾಶ ಕೊಡುತ್ತೀರಾ?’ ಎಂದರೆ ಅದು ಎರಡು ಪ್ರಶ್ನೆ, ಬಿಡಿಸಿ ಕೇಳಿ. ‘ಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಐದು ಹಂತಗಳ ಮಾಪಕವನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ಪರಿಚಯಿಸಿದರು. ಇಂದಿಗೂ ನಾವು ಬಳಸುವುದು ಅದನ್ನೇ. ಅದರಲ್ಲಿ ‘ಪರೀಕ್ಷೆ ಹತ್ತಿರವಿದ್ದಾಗ ಪ್ರಶ್ನೆಗಳಿಂದ ಸಮಯ ಹಾಳು’ ಎಂಬಂಥ ತಿರುವು ಹೇಳಿಕೆಗಳನ್ನೂ ಬೆರೆಸಿ. ಕಣ್ಣುಮುಚ್ಚಿ ಒಂದೇ ಸಾಲಿನಲ್ಲಿ ಟಿಕ್ ಹಾಕುವುದು ಗೊತ್ತಾಗುತ್ತದೆ.

ಹೆಸರು ಬರೆಸದಿದ್ದರೆ ಗೋಪ್ಯತೆ ಸಿಕ್ಕಿತು ಎಂದುಕೊಳ್ಳಬೇಡಿ. ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಒಬ್ಬರೇ ಮೇಡಂ ಇದ್ದರೆ, ‘ವಿಷಯ: ವಿಜ್ಞಾನ’ ಎಂದರೂ ಹೆಸರು ಬರೆದಂತೆಯೇ. ಬೇಡದ ವಿವರ ಬಿಡಿ. ತುಂಬಿದ ಹಾಳೆಗಳು ಮುಖ್ಯ ಶಿಕ್ಷಕರ ಮೇಜಿನ ಮೇಲೆ ಸೇರುವ ಬದಲು ಮುಚ್ಚಿದ ಪೆಟ್ಟಿಗೆಗೆ ಬೀಳಲಿ.

ಕೆಲವನ್ನು ಹಾಳೆ ಹೇಳಲಾರದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡ್ ಎಂದು ಅಮೆರಿಕದ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡರು. ಮೂರು ಸೆಕೆಂಡ್ ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಅವರೇ ಕೇಳುವ ಪ್ರಶ್ನೆಗಳೂ ಹೆಚ್ಚಿದವು. ತಾನು ಎಷ್ಟು ಕಾಯುತ್ತೇನೆ ಎಂಬುದು ಶಿಕ್ಷಕರಿಗೇ ಗೊತ್ತಿರುವುದಿಲ್ಲ. ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಕುಳಿತು ನೋಡಿ. ಅದೇ ಪ್ರಶ್ನೆಗಳನ್ನು ಮಕ್ಕಳಿಗೂ ಕೊಡಿ.

ಜೊತೆಗೆ, ಅಡ್ಡಿಯೇನು ಎಂದೂ ಕೇಳಿ. ಕಿಕ್ಕಿರಿದ ತರಗತಿ, ಮುಗಿಯದ ಸಿಲಬಸ್, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ – ಇವನ್ನು ಬಿಟ್ಟರೆ ಸಮೀಕ್ಷೆ ಶಿಕ್ಷಕರ ತಪ್ಪು ಹುಡುಕುವ ಕೆಲಸವಾಗಿಬಿಡುತ್ತದೆ.

ಕೊನೆಗೆ ನಾಲ್ಕು ಸಾಲು ಖಾಲಿ ಬಿಡಿ. ಅಲ್ಲಿ ನಿಮ್ಮ ಊಹೆಯನ್ನೇ ಅಲ್ಲಗಳೆಯುವ ಮಾತು ಬಂದರೆ ಅದನ್ನೂ ವರದಿಗೆ ಸೇರಿಸಿ. ಮುಕ್ತ ಮನಸ್ಸು ಸಮೀಕ್ಷೆ ಮಾಡುವವರಿಗೂ ಬೇಕಲ್ಲವೇ?