ಎರೆನೆಲದ ಜಾಲಿ, ಬಡಿಗೇರರ ಕಟ್ಟಿಗೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಎರೆಹೊಲಗಳ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿಯೇ ಬೆಳೆಯುವ ಕರಿಜಾಲಿಯನ್ನು ಈಗ ಬಹಳಷ್ಟು ಜನ ಉರುವಲೆಂದೇ ನೋಡುತ್ತಾರೆ. ಚಕ್ಕಡಿಯ ಗಾಲಿ, ನೊಗ, ಕುಂಟೆ, ಕೂರಿಗೆಯ ತಾಳು, ಕಬ್ಬಿನ ಗಾಣ, ಕೊಡಲಿಯ ಕಾವು ಎಲ್ಲಕ್ಕೂ ಒದಗಿದ ಕಟ್ಟಿಗೆ ಇದು. ಇದನ್ನು ಒಲೆಗೆ ಹಾಕುವುದು ನನಗಂತೂ ನಷ್ಟವೆಂದೇ ಕಾಣುತ್ತದೆ.

ಮರ ನಿಂತಿರುವಾಗ ಗುರುತು ಸುಲಭ. ಕಪ್ಪಗೆ ಸೀಳಿದ ತೊಗಟೆ, ಜೋಡಿಯಾಗಿ ಮೂಡುವ ಬಿಳಿ ಮುಳ್ಳು, ಹಳದಿ ಗುಂಡು ಹೂವು, ಮಣಿಸರದಂತೆ ನಡುನಡುವೆ ಬಿಗಿದ ಕಾಯಿ. ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿಯ ಹೂವು ಗುಂಡಗಿರದೆ ಉದ್ದನೆಯ ತೆನೆಯಂತಿರುತ್ತದೆ. ಬಿಳಿಜಾಲಿಯನ್ನು ಅದರ ತೊಗಟೆಯ ಬಣ್ಣವೇ ಹೇಳಿಬಿಡುತ್ತದೆ. ಕಡಿದು ತೊಗಟೆ ಸುಲಿದ ಮೇಲೆ ಬೊಡ್ಡೆಯ ಕೊಯ್ದ ಮುಖವನ್ನೇ ನೋಡಬೇಕು. ಹೊರಗಿನ ಸುತ್ತು ಬಿಳಿ. ಒಳಗಿನ ಚೇಗು ಹಸಿಯಿದ್ದಾಗ ನಸುಗೆಂಪು, ಗಾಳಿಗೆ ಬಿದ್ದಂತೆಲ್ಲ ಕಂದು. ಕೈಯಲ್ಲಿ ಹಿಡಿದರೆ ಭಾರ: ಒಣಗಿದ ಒಂದು ಘನ ಮೀಟರ್ ಜಾಲಿ ಸುಮಾರು 800 ಕಿಲೋ ತೂಗುತ್ತದೆ, ತೇಗ ಸುಮಾರು 650.

ಯುರೋಪಿನ ಬಡಗಿಗಳು ಮೆಚ್ಚುವ ಬರ್ಚ್ ಕೂಡ ಹೆಚ್ಚುಕಡಿಮೆ ತೇಗದಷ್ಟೇ ತೂಕದ್ದು. ನಮ್ಮ ಹಿಮಾಲಯದ ಭೂರ್ಜ ಅದೇ ಕುಲದ ಮರ. ಅದರ ತೊಗಟೆಯ ಮೇಲೆ ಹಿಂದೆ ಗ್ರಂಥ ಬರೆಯುತ್ತಿದ್ದರು. ಬರ್ಚ್‌ನಲ್ಲಿ ಚೇಗಿಗೂ ಹೊರಸುತ್ತಿಗೂ ಬಣ್ಣದ ಅಂತರ ಕಡಿಮೆ, ಎಳೆ ನಯ. ಫಿನ್ಲೆಂಡಿನ ಬರ್ಚ್‌ನಿಂದ ಮಾಡಿದ ನೂಲಿನ ಉರುಳೆಗಳು ಸ್ಕಾಟ್ಲೆಂಡಿನ ದಾರದ ಗಿರಣಿಗಳಿಗೆ ಹೋಗುತ್ತಿದ್ದವೆಂಬ ಸಂಗತಿ ರಬಕವಿ-ಬನಹಟ್ಟಿಯ ನೇಕಾರರಿಗೆ ಹಿಡಿಸೀತು. ಆದರೆ ಬರ್ಚ್ ಮಳೆ-ಮಣ್ಣಿಗೆ ಬೇಗ ಕೊಳೆಯುತ್ತದೆ. ಹೊಲದ ಕೆಲಸಕ್ಕೆ ಜಾಲಿಯ ಚೇಗೇ ಸರಿ.

ಜಾಲಿಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಆದ್ದರಿಂದ ಸುಲಭಕ್ಕೆ ಸೀಳುವುದಿಲ್ಲ. ಕಲ್ಲುದಾರಿಯ ಪೆಟ್ಟು ತಿನ್ನುವ ಗಾಲಿಗೆ ಬೇಕಾದದ್ದು ಈ ಗುಣವೇ. ಹಸಿಯಿರುವಾಗ ಬಾಚಿ, ಉಳಿಗೆ ಬಗ್ಗುತ್ತದೆ; ಒಣಗಿದ ಮೇಲೆ ಮೊಳೆ ಹೊಡೆಯಬೇಕಾದರೂ ಮೊದಲು ತೂತು ಕೊರೆಯಬೇಕು. ಒಂದು ದೌರ್ಬಲ್ಯವೂ ಉಂಟು. ಹೊರಗಿನ ಬಿಳಿ ಕಟ್ಟಿಗೆಯಲ್ಲಿ ಪಿಷ್ಟವಿರುವುದರಿಂದ ಕೊರೆಯುವ ಹುಳು ಬೇಗ ಹತ್ತಿ, ಹಿಟ್ಟಿನಂಥ ಪುಡಿ ಉದುರತೊಡಗುತ್ತದೆ. ಕಡಿದ ಬೊಡ್ಡೆಯನ್ನು ಕೆಲವು ತಿಂಗಳು ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸುವ ರೂಢಿ ಇದಕ್ಕಾಗಿಯೇ ಬಂದದ್ದು. ನೀರಿನಲ್ಲಿ ಆ ಪಿಷ್ಟ ಕಡಿಮೆಯಾಗಿ, ಹುಳುವಿನ ಕಾಟ ತಗ್ಗುತ್ತದೆ.

ಕಬ್ಬು ಈಗ ಕಾರ್ಖಾನೆಗೆ ಹೋಗುವುದು ಟ್ರ್ಯಾಕ್ಟರಿನಲ್ಲಿ, ಟೈರಿನ ಗಾಡಿಗಳಲ್ಲಿ. ಮರದ ಗಾಲಿಗೆ ಗಿರಾಕಿ ಕಡಿಮೆ. ಗುದ್ದಲಿ, ಕೊಡಲಿಗಳಿಗೆ ಮಾತ್ರ ಇಂದಿಗೂ ಗಟ್ಟಿ ಕಾವು ಬೇಕೇ ಬೇಕು. ಬದುವಿನ ಜಾಲಿಯನ್ನು ಕಡಿಸುವ ಮೊದಲು ಊರಿನ ಬಡಿಗೇರರನ್ನು ಕರೆದು ತೋರಿಸಿ. ನೆಟ್ಟಗಿರುವ ಬೊಡ್ಡೆಯನ್ನು ಅವರಿಗೆ ಬಿಟ್ಟು, ಉಳಿದ ರೆಂಬೆಗಳನ್ನಷ್ಟೇ ಒಲೆಗೆ ಒಯ್ಯಿರಿ.